ಬಾಗಿಲು ಎಲ್ಲಿ ಎಂದು ಕೇಳುವ ಟೇಪಮ್ಮ

ಬೆಳಗಿನ ಐದೂವರೆ. ಬೇಕರಿಯ ಶಟರು ಇನ್ನೂ ಅರ್ಧಕ್ಕೆ ನಿಂತಿದೆ. ಅದರಡಿ ಬಗ್ಗಿ ಒಳಗೆ ಬಂದ ವಕೀಲಮ್ಮ ಮಂಡಿ ಹಿಡಿದುಕೊಂಡು ನೆಟ್ಟಗಾಗುತ್ತಾರೆ, ಕಪ್ಪು ಕೋಟನ್ನು ಬ್ರೆಡ್ ಕಪಾಟಿನ ಮೊಳೆಗೆ ನೇತುಹಾಕುತ್ತಾರೆ, ಚೀಲದಿಂದ ಬಡಗಿಗಳು ಬಳಸುವಂಥ ಉಕ್ಕಿನ ಟೇಪು ತೆಗೆಯುತ್ತಾರೆ. "ಈ ತುದಿ ಹಿಡ್ಕೊಳ್ಳಿ" ಎಂದು ಬೇಕರಿಯ ಅಣ್ಣನ ಕೈಗೆ ಒಂದು ತುದಿ ಕೊಟ್ಟು, ಇನ್ನೊಂದನ್ನು ಎಳೆದುಕೊಂಡು ಹಿಂದಿನ ಕೋಣೆಗೆ ನಡೆಯುತ್ತಾರೆ. ಅಲ್ಲಿ ಒಲೆಯ ಮುಂದೆ ಆ ಅಣ್ಣನ ತಂಗಿ ಬನ್ನಿನ ಟ್ರೇ ಹೊರಗೆಳೆಯುತ್ತಿದ್ದಾರೆ. ಬಿಸಿಗೆ ಮುಖ ಕೆಂಪಾಗಿದೆ, ಮೊಣಕೈವರೆಗೆ ಹಿಟ್ಟು.

ಅಪ್ಪ ತೀರಿಕೊಂಡು ಏಳು ತಿಂಗಳಾಗಿದೆ. ಬೇಕರಿ ಅಣ್ಣ-ತಂಗಿ ಇಬ್ಬರ ಪಾಲಿಗೆ ಬಂದಿದೆ. ಮುಂದಿನ ಅಂಗಡಿ ಅಣ್ಣನಿಗೆ, ಹಿಂದಿನ ಒಲೆಯ ಕೋಣೆ ತಂಗಿಗೆ ಎಂದು ತಾವೇ ಮಾತಾಡಿಕೊಂಡು, ಹಾಳೆಯ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆದಿದ್ದಾರೆ. ಹನ್ನೊಂದೂವರೆಗೆ ನೋಂದಣಿ ಕಚೇರಿಯಲ್ಲಿ ಸಮಯವೂ ಗೊತ್ತಾಗಿದೆ. ಉಳಿದಿರುವುದು ಸಹಿ ಮಾತ್ರ. ಇಷ್ಟು ಸಲೀಸಾದ ಕೆಲಸಕ್ಕೆ ವಕೀಲರು ನಸುಕಿನಲ್ಲೇ ಎದ್ದು ಬಂದದ್ದೇಕೆ ಎಂದು ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದಾರೆ.

"ಮೈದಾ ಮೂಟೆ ಒಳಗೆ ಎಲ್ಲಿಂದ ಬರತ್ತೆ?" ವಕೀಲಮ್ಮ ಕೇಳುತ್ತಾರೆ.

"ಇಲ್ಲಿಂದಲೇ ಮೇಡಂ, ಅಂಗಡಿ ಒಳಗಿಂದ."

"ಬ್ರೆಡ್ಡು ಆಚೆ ಹೋಗೋದು?"

"ಅದೂ ಇಲ್ಲಿಂದಲೇ."

"ಹಿಂದಗಡೆ ಬಾಗಿಲು?"

"ಎಲ್ಲಿದೆ? ಹಿಂದೆ ಪಕ್ಕದವರ ಗೋಡೆ."

ವಕೀಲಮ್ಮ ಒಲೆಯ ಕೋಣೆಯ ಮೂರೂ ಗೋಡೆಗಳನ್ನು ಒಂದೊಂದಾಗಿ ಅಂಗೈಯಿಂದ ತಟ್ಟಿ ಬರುತ್ತಾರೆ. "ನಿಮ್ಮ ಗೆರೆ ಪ್ರಕಾರ ತಂಗಿಗೆ ಒಲೆ ಸಿಗತ್ತೆ, ಬಾಗಿಲು ಸಿಗಲ್ಲ. ದಿನಾ ಬೆಳಿಗ್ಗೆ ಹೇಗೆ ಬರಬೇಕು ಇವರು, ಹೊಗೆ ಕೊಳವೇಲಿ ಇಳಿದಾ?"

ತಂಗಿ ನಗುತ್ತಾರೆ. ಅಣ್ಣ ನಗುವುದಿಲ್ಲ. "ನಾನೇನು ಬಾಗಿಲು ಹಾಕ್ಬಿಡ್ತೀನಾ ಮೇಡಂ? ನನ್ನ ತಂಗಿ ಅವಳು."

"ನೀವು ಹಾಕಲ್ಲಪ್ಪ. ನಿಮ್ಮಿಂದ ಅಂಗಡಿ ಕೊಂಡ್ಕೊಂಡವರು ಹಾಕ್ತಾರೆ."

ಇದು ಅವರು ಎಲ್ಲರಿಗೂ ಹೇಳುವ ಮಾತು. ಆದರೆ ಅದನ್ನು ಕೇಳಿ ಅಣ್ಣನ ಮುಖ ಸಪ್ಪಗಾದದ್ದು ಅವರ ಕಣ್ಣಿಗೆ ಬೀಳುತ್ತದೆ. ಟೇಪು ಸರ್ರನೆ ಸುರುಳಿಯಾಗಿ ಡಬ್ಬಿ ಸೇರುತ್ತದೆ. "ಹನ್ನೊಂದೂವರೆ ಸಮಯ ಬಿಟ್ಬಿಡೋಣ. ಹತ್ತು ಗಂಟೆಗೆ ಆಫೀಸಿಗೆ ಬನ್ನಿ" ಎಂದು ಕೋಟು ಹೆಗಲಿಗೇರಿಸಿಕೊಂಡು ಮತ್ತೆ ಶಟರಿನಡಿ ಬಗ್ಗುತ್ತಾರೆ.

ಈ ಬೀದಿಗಳಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಟೇಪಮ್ಮ. ಅದು ಅವರಿಗೂ ಗೊತ್ತು, ಬೇಜಾರೇನೂ ಇಲ್ಲ. ವಕೀಲರೆಂದರೆ ಕೋರ್ಟಿನಲ್ಲಿ ಗಂಟಲು ಹರಿದುಕೊಳ್ಳುವವರು ಎಂದುಕೊಂಡವರಿಗೆ ಇವರನ್ನು ನೋಡಿ ಆಶ್ಚರ್ಯವಾಗುತ್ತದೆ. ಇಪ್ಪತ್ತೇಳು ವರ್ಷದ ವೃತ್ತಿಯಲ್ಲಿ ಅವರು ನ್ಯಾಯಾಧೀಶರ ಮುಂದೆ ನಿಂತು ವಾದಿಸಿದ್ದಕ್ಕಿಂತ ಜನರ ಅಡುಗೆಮನೆ, ಗೋದಾಮು, ಬಚ್ಚಲುಗಳಲ್ಲಿ ನಿಂತು ಅಳೆದದ್ದೇ ಹೆಚ್ಚು. ವಿಭಾಗ ಪತ್ರ, ಉಯಿಲು, ಬಾಡಿಗೆ ಕರಾರು, ಇಬ್ಬರು ಗೆಳೆಯರು ಸೇರಿ ತೆರೆಯುವ ಅಂಗಡಿಯ ಪಾಲುದಾರಿಕೆ ಪತ್ರ, ಇಂಥವೇ ಅವರ ದಿನದ ಕೆಲಸ. ಯಾವ ಪತ್ರವಾದರೂ ಸರಿ, ಅದರಲ್ಲಿ ಬರುವ ಜಾಗವನ್ನು ಕಾಲಿಟ್ಟು ನೋಡದೆ ಒಂದಕ್ಷರ ಬರೆಯುವುದಿಲ್ಲ. ನಸುಕಿನಲ್ಲೇ ಹೋಗುವುದಕ್ಕೂ ಕಾರಣವಿದೆ. ಆಗ ಅಂಗಡಿಗಳಲ್ಲಿ ಗಿರಾಕಿಗಳಿರುವುದಿಲ್ಲ, ಮನೆಗಳಲ್ಲಿ ಎಲ್ಲರೂ ಇರುತ್ತಾರೆ. "ಜೊತೆಗೆ ಪೂರ್ವ ಯಾವ ಕಡೆ ಅಂತ ಯಾರನ್ನೂ ಕೇಳ್ಬೇಕಿಲ್ಲ. ಸೂರ್ಯನೇ ಬಂದು ಹೇಳ್ತಾನೆ" ಎಂದು ನಗುತ್ತಾರೆ.

ಈ ಅಭ್ಯಾಸ ಹುಟ್ಟಿದ್ದು ಒಂದು ತಪ್ಪಿನಿಂದ. ಅದನ್ನು ಅವರು ಮುಚ್ಚಿಡುವುದಿಲ್ಲ, ಕೇಳದಿದ್ದರೂ ಹೇಳುತ್ತಾರೆ. ವೃತ್ತಿಗಿಳಿದ ಎರಡನೇ ವರ್ಷ. ಇಬ್ಬರು ಸಹೋದರರು ಬಂದು, ಕೆಳಮನೆ ದೊಡ್ಡವನಿಗೆ, ಮೇಲ್ಮನೆ ಚಿಕ್ಕವನಿಗೆ ಎಂದು ಪತ್ರ ಬರೆಸಿಕೊಂಡರು. ಇವರು ಕುರ್ಚಿ ಬಿಟ್ಟೇಳದೆ ಚಕ್ಕುಬಂದಿ ಬರೆದುಕೊಟ್ಟರು. ನಾಲ್ಕೂ ದಿಕ್ಕಿನ ಗಡಿ ಕರಾರುವಾಕ್ಕಾಗಿತ್ತು. ಆದರೆ ಮೆಟ್ಟಿಲು ಕೆಳಮನೆಯ ಹಜಾರದೊಳಗಿತ್ತು, ಪತ್ರದಲ್ಲಿ ಅದರ ಸೊಲ್ಲೇ ಇರಲಿಲ್ಲ. ಎರಡು ವರ್ಷದ ನಂತರ ಸಹೋದರರಿಗೆ ಮನಸ್ತಾಪವಾಯಿತು. ದೊಡ್ಡವನು ಹಜಾರಕ್ಕೆ ಬೀಗ ಹಾಕಿದ. ಮೇಲಿದ್ದ ಅವರ ತಾಯಿ ಹನ್ನೊಂದು ದಿನ ಹೊರಗೋಡೆಗೆ ಒರಗಿಸಿದ ಏಣಿಯಲ್ಲಿ ಇಳಿದು ಹತ್ತಿದರು.

"ಎಪ್ಪತ್ತೆರಡು ವರ್ಷದ ಹೆಂಗಸು. ಸುದ್ದಿ ಕೇಳಿ ಓಡಿಹೋದೆ. ಒಂದು ಕೈಲಿ ಏಣಿ ಹಿಡ್ಕೊಂಡು, ಇನ್ನೊಂದು ಕೈಲಿ ಹಾಲಿನ ಪಾತ್ರೆ ಇಟ್ಕೊಂಡು ಹತ್ತಾ ಇದ್ರು. ನನ್ನ ನೋಡಿ ಬೈಲಿಲ್ಲ. 'ಬಾಮ್ಮ, ಸ್ವಲ್ಪ ಏಣಿ ಹಿಡ್ಕೋ' ಅಂದ್ರು. ಬೈದಿದ್ರೇ ಚೆನ್ನಾಗಿತ್ತು" ಎನ್ನುವಾಗ ಟೇಪಮ್ಮನ ದನಿ ಈಗಲೂ ತಗ್ಗುತ್ತದೆ. ದೊಡ್ಡವನ ಮನೆಗೆ ಆರು ಸಲ ಅಲೆದು, ಕಾಡಿ ಬೇಡಿ, ತಿದ್ದುಪಡಿ ಪತ್ರ ಮಾಡಿಸಿದ ಮೇಲೆಯೇ ಅವರಿಗೆ ನಿದ್ದೆ ಬಂದದ್ದು. ಮರುದಿನವೇ ಟೇಪು ಕೊಂಡರು.

ಅವರ ಮನೆತನದಲ್ಲಿ ಹಿಂದೆ ಯಾರೂ ವಕೀಲರಾಗಿರಲಿಲ್ಲ. ಹಗಲು ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್, ಸಂಜೆ ಕಾನೂನು ಕಾಲೇಜು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂಬತ್ತು ವರ್ಷ ಕಳೆದ ಆ ಕೆಲಸವೇ ತಮಗೆ ವಕೀಲಿ ಕಲಿಸಿತು ಎಂಬುದು ಅವರ ವಾದ. "ಜನ ಹತ್ತು ನಿಮಿಷ ಏನೇನೋ ಮಾತಾಡ್ತಾರೆ. 'ಸರಿ, ಇಡ್ತೀನಿ' ಅಂತಾರಲ್ಲ, ಆಮೇಲೇ ನಿಜವಾದ ವಿಷಯ ಬರೋದು." ಅವರ ಆಫೀಸಿಗೂ ಈ ಪಾಠ ಬಂದಿದೆ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಅವರ ಮೇಜು, ಇನ್ನೊಂದರಲ್ಲಿ ನಿವೃತ್ತ ಶಾಲಾ ಗುಮಾಸ್ತರೊಬ್ಬರ ಟೈಪಿಂಗು. ಮೇಜಿನ ಮುಂದೆ ಮೂರು ಕುರ್ಚಿಗಳಿವೆ, ಸರಿ. ಆದರೆ ಹೊರಬಾಗಿಲ ಪಕ್ಕದಲ್ಲೂ ಎರಡಿವೆ. ಹೊರಟು ನಿಂತವರು ಬಾಗಿಲ ಹಿಡಿಗೆ ಕೈ ಹಾಕಿ "ಇನ್ನೊಂದು ಮಾತು ಮೇಡಂ..." ಎಂದಾಗ ಕೂರಿಸಲು. ಅಲ್ಲಿ ಕೂತಾಗ ಟೇಪಮ್ಮ ಪೆನ್ನು ಹಿಡಿಯುವುದಿಲ್ಲ.

ದಿನಕ್ಕೆ ಎಂಟೊಂಬತ್ತು ಮಂದಿ ಬರುತ್ತಾರೆ. ವಾರದಲ್ಲಿ ಐದು ಬೆಳಗು ಟೇಪಿನ ಓಡಾಟ. ಟೈಪಿಂಗಿನ ಹಿರಿಯರ ಲೆಕ್ಕದಲ್ಲಿ ಇದುವರೆಗೆ ನಾಲ್ಕು ಸಾವಿರದ ಚಿಲ್ಲರೆ ಪತ್ರಗಳು ಇಲ್ಲಿಂದ ಹೊರಬಿದ್ದಿವೆ, ಅವುಗಳಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವು ಮೂವತ್ತೊಂದು. ಮೂವತ್ತೊಂದನ್ನೂ ಟೇಪಮ್ಮ ಬಾಯಿಪಾಠ ಒಪ್ಪಿಸಬಲ್ಲರು. ಕೋರ್ಟಿನ ವಕೀಲರು ಕಂಡಾಗಲೆಲ್ಲ ರೇಗಿಸುತ್ತಾರೆ: "ನೀವು ಎಲ್ಲರನ್ನೂ ಹೀಗೆ ಒಂದು ಮಾಡಿ ಕಳಿಸಿದ್ರೆ ನಾವು ನೊಣ ಹೊಡೀಬೇಕಷ್ಟೆ." ಅವರ ಆಸೆಯೇನು ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ: "ನಾನು ಬರೆದ ಪತ್ರಾನ ಜನ ಪೆಟ್ಟಿಗೇಲಿಟ್ಟು ಮರೆತುಬಿಡ್ಬೇಕು. ಮತ್ತೆ ತೆಗೆದು ಓದೋ ಪ್ರಸಂಗ ಬರಬಾರದು."

ಹತ್ತು ಗಂಟೆಗೆ ಬೇಕರಿಯ ಅಣ್ಣ ಒಬ್ಬರೇ ಬರುತ್ತಾರೆ. ತಂಗಿ ಎರಡನೇ ಸುತ್ತಿನ ಬ್ರೆಡ್ಡು ಇಳಿಸಿ ಬರಬೇಕು. ಅಣ್ಣ ಕೂತು ಗೆರೆಯ ಬಗ್ಗೆ, ಗೋಡೆಯ ಬಗ್ಗೆ ಮಾತಾಡುತ್ತಾರೆ, ನಡುನಡುವೆ ಕೆಮ್ಮುತ್ತಾರೆ. ಕಾಲು ಗಂಟೆಯಾದ ಮೇಲೆ "ತಂಗೀನ ಕರ್ಕೊಂಡೇ ಬರ್ತೀನಿ ಮೇಡಂ" ಎಂದು ಎದ್ದವರು ಬಾಗಿಲ ಹಿಡಿ ಹಿಡಿದು ಅಲ್ಲೇ ನಿಲ್ಲುತ್ತಾರೆ. ಟೇಪಮ್ಮ ಸುಮ್ಮನೆ ಎದ್ದು ಬಂದು ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದನ್ನು ತೋರಿಸುತ್ತಾರೆ.

"ಅಂಗಡಿ ಕೊಳ್ಳೋಕೆ ಒಬ್ರು ಬಂದಿದಾರೆ" ಎನ್ನುತ್ತಾರೆ ಅಣ್ಣ. "ನನಗೆ ಆ ಹಿಟ್ಟಿನ ಧೂಳು ಆಗ್ತಿಲ್ಲ. ಎದೆ ಕಟ್ಕೊಳತ್ತೆ. ಹಿಟ್ಟಿನ ಹತ್ರ ಇನ್ನೂ ಇದ್ರೆ ಶ್ವಾಸಕೋಶ ಕೈ ಕೊಡತ್ತೆ ಅಂದಿದಾರೆ ಡಾಕ್ಟ್ರು. ತಂಗಿಗೆ ಹೇಳಿದ್ರೆ ನಾಳೇನೇ ಒಲೆ ಆರಿಸ್ಬಿಡ್ತಾಳೆ. ಹದಿನೈದು ವರ್ಷದಿಂದ ಅದೇ ಅವಳ ಪ್ರಪಂಚ. ಅದಕ್ಕೇ ಪಾಲು ಅಂದೆ. ನನಗೆ ಅಂಗಡಿ ಬೇಜಾರಾಗಿದೆ ಅಂದ್ಕೊಳ್ಳಲಿ ಬಿಡಿ."

ಒಲೆ ಉಳಿಸಬೇಕೆಂದೇ ಹೊರಟ ಮನುಷ್ಯ ಅದಕ್ಕೆ ದಾರಿಯಿಲ್ಲದಂತೆ ಗೆರೆ ಎಳೆದಿದ್ದಾರೆ. ದಿನಕ್ಕೆ ನೂರು ಸಲ ತುಳಿಯುವ ದಾರಿ ಯಾರ ಕಣ್ಣಿಗೂ ಬಿದ್ದಿಲ್ಲ. ಟೇಪಮ್ಮ ಹೇಳುತ್ತಾರೆ: "ನಿಮ್ಮಿಬ್ಬರಿಗೂ ಒಬ್ಬಳೇ ವಕೀಲೆ ನಾನು. ಒಬ್ಬರ ಗುಟ್ಟು ಇನ್ನೊಬ್ಬರಿಂದ ಮುಚ್ಚಿಟ್ಟು ಪತ್ರ ಬರೆಯೋಕೆ ನನ್ನಿಂದ ಆಗಲ್ಲ. ನೀವೇ ತಂಗಿಗೆ ಹೇಳಿ. ಹೇಳಲ್ಲ ಅಂದ್ರೆ ಬೇರೆ ವಕೀಲರನ್ನ ನೋಡ್ಕೊಳ್ಳಿ. ನಾನೂ ಅವರಿಗೆ ಹೇಳಲ್ಲ."

ಅಷ್ಟರಲ್ಲೇ ತಂಗಿ ಮಹಡಿ ಹತ್ತಿ ಬರುತ್ತಾರೆ. ತಡವಾಯಿತೆಂದು ಕೆಲಸದ ಬಟ್ಟೆಯಲ್ಲೇ ಬಂದಿದ್ದಾರೆ. ಬಾಗಿಲಲ್ಲೇ ಇಬ್ಬರನ್ನೂ ಕಂಡು "ಏನಾಯ್ತು? ಯಾಕೆ ಇಬ್ರೂ ಹೀಗೆ ಕೂತಿದೀರಿ?" ಎನ್ನುತ್ತಾರೆ. ಅಣ್ಣ ನೆಲ ನೋಡುತ್ತಾ ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ತಂಗಿ ಅಳುವುದಿಲ್ಲ, ಕೂಗಾಡುವುದಿಲ್ಲ. ಎರಡು ಹೆಜ್ಜೆ ಹಿಂದಕ್ಕಿಟ್ಟು, ಹೊರಗಿನ ವರಾಂಡಕ್ಕೆ ಹೋಗಿ, ಮೈಮೇಲಿನ ಹಿಟ್ಟನ್ನು ಎರಡೂ ಕೈಯಿಂದ ಪಟಪಟನೆ ಕೊಡವಿಕೊಳ್ಳತೊಡಗುತ್ತಾರೆ. ಎಷ್ಟು ಕೊಡವಿದರೂ ಅವರಿಗೆ ಸಾಲದು. ಟೈಪಿಂಗಿನ ಸದ್ದು ತಾನಾಗಿ ನಿಲ್ಲುತ್ತದೆ. ಟೇಪಮ್ಮ ಎದ್ದು ಕಿಟಕಿ ತೆರೆಯುತ್ತಾರೆ.

"ಇಷ್ಟು ದಿನ ನನ್ನ ಮೇಲೆ ಬೇಜಾರು ಅಂದ್ಕೊಂಡಿದ್ದೆ" ಎನ್ನುತ್ತಾರೆ ತಂಗಿ, ವರಾಂಡದಿಂದಲೇ. "ಒಲೆ ಆರಿಸ್ತೀನಿ ಬಿಡು."

"ನೋಡಿದ್ರಾ?" ಅಣ್ಣ ವಕೀಲರ ಕಡೆ ತಿರುಗುತ್ತಾರೆ.

"ಯಾರೂ ಏನೂ ಆರಿಸೋದು ಬೇಡ" ಎನ್ನುತ್ತಾರೆ ಟೇಪಮ್ಮ. "ಮೊದಲು ದಾರಿ ಅಳೆಯೋಣ."

ಮರುದಿನ ನಸುಕಿನಲ್ಲಿ ಮತ್ತೆ ಬೇಕರಿ. ಈ ಸಲ ಅಳೆಯುವುದು ಗೋಡೆಯನ್ನಲ್ಲ, ತಂಗಿಯನ್ನು. ಮೂಟೆ ಹೊತ್ತು ಒಮ್ಮೆ, ಬ್ರೆಡ್ಡಿನ ಟ್ರೇ ಹಿಡಿದು ಒಮ್ಮೆ ಅಂಗಡಿಯ ಉದ್ದಕ್ಕೂ ನಡೆಸುತ್ತಾರೆ. ಮೂಟೆಗಿಂತ ಟ್ರೇ ಹಿಡಿದ ಮೊಣಕೈಗಳೇ ಅಗಲ ಎಂದು ಗೊತ್ತಾಗುತ್ತದೆ: ಮೂರಡಿ ಐದಿಂಚು. "ನಾಲ್ಕಡಿ ಬರೀರಿ. ಮನುಷ್ಯ ದಪ್ಪ ಆಗ್ತಾನೆ" ಎಂದು ಟೈಪಿಂಗಿನ ಹಿರಿಯರಿಗೆ ಫೋನಿನಲ್ಲೇ ಹೇಳುತ್ತಾರೆ. ದಕ್ಷಿಣದ ಗೋಡೆಗುಂಟ, ರಸ್ತೆಯಿಂದ ಒಲೆಯವರೆಗೆ ನಾಲ್ಕಡಿಯ ದಾರಿ. ಓಡಾಡಲು ಬಿಡಬೇಕು ಎಂಬ ಉಪಕಾರದ ಮಾತಲ್ಲ, ದಾರಿಯ ನೆಲವೇ ತಂಗಿಯ ಪಾಲು. ಅಂಗಡಿಯನ್ನು ನಾಳೆ ಯಾರೇ ಕೊಂಡರೂ ಅಲ್ಲಿಗೆ ಬೀಗ ಬೀಳುವಂತಿಲ್ಲ.

ಒಂಬತ್ತು ದಿನಗಳ ನಂತರ, ಸಹಿಗೆ ಕೂತಾಗ, ಟೇಪಮ್ಮನ ಕೊನೆಯ ಕಟ್ಟಳೆ ಬಾಕಿಯಿದೆ. ಪತ್ರ ಓದಿದ ಮೇಲೆ ಅದನ್ನು ಮುಚ್ಚಿಟ್ಟು, ಅದರಲ್ಲೇನಿದೆ ಎಂದು ಕಕ್ಷಿದಾರರು ತಮ್ಮ ಮಾತಿನಲ್ಲೇ ಹೇಳಬೇಕು. ತಪ್ಪಿದರೆ ಪೆನ್ನು ಸಿಗುವುದಿಲ್ಲ. ಹೋದ ತಿಂಗಳು ಒಬ್ಬ ಕಾಲೇಜು ಮೇಷ್ಟ್ರೇ ಮೂರು ಸಲ ತಪ್ಪಿ ಬೆವರಿದ್ದರು. ಇವತ್ತು ಅಣ್ಣ ತಡವರಿಸದೆ ಒಪ್ಪಿಸುತ್ತಾರೆ. ತಂಗಿಯ ಸರದಿ ಬರುತ್ತದೆ. ಅವರು ಒಗೆದ ಬಟ್ಟೆ ತೊಟ್ಟು, ಅಣ್ಣನಿಂದ ಒಂದು ಕುರ್ಚಿ ಆಚೆಗೆ ಕೂತಿದ್ದಾರೆ.

"ಒಲೆ ನಂದು. ನಾಲ್ಕಡಿ ದಾರಿ ನಂದು" ಎನ್ನುತ್ತಾರೆ. ಅಲ್ಲಿಗೆ ನಿಲ್ಲಿಸಿ ಅಣ್ಣನ ಕಡೆ ನೋಡುತ್ತಾರೆ.

"ದಾರಿ ಯಾತಕ್ಕೆ ಅಂತ ಹೇಳಿ ನೋಡೋಣ." ಟೇಪಮ್ಮ ಕಾಯುತ್ತಾರೆ. ಹಿಟ್ಟು, ಸೌದೆ ಮತ್ತು ತಯಾರಾದ ಸರಕಿನ ಸಾಗಾಟಕ್ಕೆ ಎಂದು ಪತ್ರದಲ್ಲಿ ಸ್ಪಷ್ಟವಾಗಿದೆ.

"ಅಣ್ಣ ಇನ್ನು ಒಳಗೆ ಬರೋ ಹಾಗಿಲ್ವಲ್ಲ ಮೇಡಂ" ಎನ್ನುತ್ತಾರೆ ತಂಗಿ. "ದಿನಾ ಬೆಳಿಗ್ಗೆ ಬಂದು ಬೀದೀಲಿ ನಿಂತ್ಕೊಳ್ತಾನಂತೆ. ನಾನೇ ಕೈ ತೊಳ್ಕೊಂಡು ಆಚೆ ಹೋಗಿ ಮಾತಾಡ್ಸಿ ಬರಬೇಕು. ಅದಕ್ಕೇ ದಾರಿ."

ಟೈಪಿಂಗಿನ ಹಿರಿಯರು ಬಾಗಿಲಲ್ಲಿ ನಿಂತು ವಕೀಲರ ಮುಖ ನೋಡುತ್ತಾರೆ. ತಾವು ಇಲ್ಲಿಗೆ ಬಂದಾಗಿನಿಂದ ಪತ್ರದಲ್ಲಿಲ್ಲದ ಮಾತನ್ನು ಟೇಪಮ್ಮ ಒಪ್ಪಿದ್ದನ್ನು ಅವರು ಕಂಡಿಲ್ಲ.

ಟೇಪಮ್ಮ ಪೆನ್ನಿನ ಮುಚ್ಚಳ ತೆಗೆದು ತಂಗಿಯ ಕೈಗೆ ಕೊಡುತ್ತಾರೆ. "ಸರಿಯಾಗಿ ಹೇಳಿದ್ರಿ. ಸಹಿ ಹಾಕಿ."