ಗೇಟಿನಾಚೆ ಹೇಳಿದ ಇಪ್ಪತ್ತು ಹೆಸರು

ನನ್ನ ಅಮ್ಮನನ್ನು ನೋಡಲು ಹೋಗಬೇಕಾದರೆ ನಾನು ಗೇಟಿನಲ್ಲಿ ಚೀಟಿ ಬರೆಸಬೇಕು. ಅಮ್ಮ ಸತ್ತು ಇಪ್ಪತ್ತಾರು ವರ್ಷವಾಯಿತು. ಅವಳು ಮಲಗಿರುವ ಓಕ್ ತೋಪಿನ ಸುತ್ತ ಗಾಲ್ಫ್ ಕಂಪನಿಯವರು ಹುಲ್ಲು ಬೆಳೆಸಿ, ದಾರಿಗೆ ಗೇಟು ಹಾಕಿ, ಅಲ್ಲೊಬ್ಬ ಕಾವಲುಗಾರನನ್ನು ಕೂರಿಸಿದ್ದಾರೆ. ಅವನು ಪ್ರತಿ ಸಲವೂ ಕೇಳುತ್ತಾನೆ: "ಯಾರನ್ನ ನೋಡ್ಬೇಕು? ನೀವು ಬರೋದು ಅವರಿಗೆ ಗೊತ್ತಾ?" ಗೊತ್ತಪ್ಪ, ಚೆನ್ನಾಗಿ ಗೊತ್ತು, ಕಾದು ಕಾದು ಅವಳ ಮೇಲೆ ಪಾಚಿ ಬೆಳೆದಿದೆ! ಈ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಆದರೆ ಸಿಟ್ಟು ಮಾಡಿಕೊಂಡು ಹೋಗಲಿಕ್ಕಾದರೂ ಒಂದು ಸ್ಮಶಾನ ಉಳಿದಿದೆಯಲ್ಲ, ಅದು ಮಿಸ್ ಕೂಟಾ ಉಳಿಸಿಕೊಟ್ಟದ್ದು.

ಸೌತ್ ಕ್ಯಾರೊಲಿನಾದ ಕಡಲಂಚಿನ ನಮ್ಮ ದ್ವೀಪದಲ್ಲಿ ಕರಿಯರಾದ ನಮಗೆಲ್ಲ ಎರಡೆರಡು ಹೆಸರು. ಒಂದು ಕಾಗದದ ಹೆಸರು, ಅದು ಪಾದ್ರಿಗೆ ಮತ್ತು ಸರ್ಕಾರಕ್ಕೆ. ಇನ್ನೊಂದು ಬುಟ್ಟಿ ಹೆಸರು, ಕೂಸು ಬುಟ್ಟಿಯಲ್ಲಿ ಮಲಗಿರುವಾಗಲೇ ಮನೆಯವರು ಅಂಟಿಸುವುದು. ಅದು ಸತ್ತ ಮೇಲೂ ಬಿಡುವುದಿಲ್ಲ. ಪಕ್ಕದ ಮನೆಯವನ ಕಾಗದದ ಹೆಸರು ಗೊತ್ತಿಲ್ಲದೆ ಐವತ್ತು ವರ್ಷ ಅವನ ಜೊತೆ ಜಗಳವಾಡಿದವರು ನಮ್ಮಲ್ಲಿದ್ದಾರೆ. ನನ್ನ ಬುಟ್ಟಿ ಹೆಸರು ಕಣಜ, ಆ ಕುಟುಕುವ ಹುಳು. ಯಾಕೆಂದು ಕೇಳಿದವರನ್ನು ಚುಚ್ಚಿದ್ದೇನೆ. ಕೂಟಾ ಎಂದರೆ ನಮ್ಮ ಮಾತಿನಲ್ಲಿ ಆಮೆ. ಹೆರಿಗೆಯ ದಿನ ದಾಟಿ ಹನ್ನೊಂದು ದಿನಕ್ಕೆ ಹುಟ್ಟಿದಳಂತೆ. ಆಮೇಲೆ ಅವಳು ಯಾವುದಕ್ಕೂ ತಡಮಾಡಿದ್ದನ್ನು ನಾನು ಕಂಡಿಲ್ಲ, ಬೈಯಲಿಕ್ಕಂತೂ ಇಲ್ಲವೇ ಇಲ್ಲ.

ನಲವತ್ತಾರು ವರ್ಷ ಅವಳು ಸಿಂಪಿ ಕೊಟ್ಟಿಗೆಯಲ್ಲಿ ನಿಂತು ಚಾಕುವಿನಿಂದ ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆದಳು. ಅಕ್ಷರ ದುಂಡಗಿದ್ದುದರಿಂದ ಊರಿನಲ್ಲಿ ಯಾರು ಸತ್ತರೂ ಸಮಾಧಿಯ ಮರದ ಹಲಗೆಗೆ ಕಾಗದದ ಹೆಸರು ಬರೆಯುವವಳೂ ಅವಳೇ. ಅವಳಿಗಿಂತ ಮುಂಚೆ ಅವಳ ಸೋದರಮಾವ ಬರೆಯುತ್ತಿದ್ದ, ಇವಳು ಬಣ್ಣದ ಡಬ್ಬಿ ಹಿಡಿಯುತ್ತಿದ್ದಳು. ಸತ್ತವರ ಮನೆಯ ದೋಣಿಗೆ ಬಳಿದು ಉಳಿದ ನೀಲಿ ಬಣ್ಣ. ಬಣ್ಣ ಹೆಚ್ಚಿದ್ದರೆ ದೊಡ್ಡ ಅಕ್ಷರ, ಕಡಿಮೆಯಿದ್ದರೆ ಸಣ್ಣದು. "ನಮ್ಮಪ್ಪನ್ನ ಇಷ್ಟು ಚಿಕ್ಕದಾಗಿ ಬರೆದಿದ್ದೀಯಲ್ಲ" ಎಂದು ನಮ್ಮ ಮಾವ ಗೊಣಗಿದಾಗ ಅವಳು ಹೇಳಿದ್ದು, "ನಿಮ್ಮಪ್ಪ ದೋಣಿ ದೊಡ್ಡದು ಕಟ್ಟಿದ್ದ, ನಾನೇನ್ ಮಾಡ್ಲಿ?"

ತೊರೆಯ ಬದಿಯ ಇಪ್ಪತ್ತು ಸಮಾಧಿಗಳ ಮೇಲೆ ಇದ್ದಬದ್ದ ಹಲಗೆಗಳನ್ನೆಲ್ಲ ಒಂದು ಚಂಡಮಾರುತ ಹೊತ್ತುಕೊಂಡು ಹೋಯಿತು. ಉಳಿದದ್ದು ಅವರವರು ಕೊನೆಯ ಸಲ ಕುಡಿದ ಲೋಟ, ಒಡೆದ ತಟ್ಟೆ, ದೀಪದ ಗಾಜು, ಶಂಖ. ಸತ್ತವರಿಗೆ ನಾವು ಬಿಟ್ಟುಬರುವ ಸಾಮಾನು. ಕಂಪನಿಯವರ ಕಣ್ಣಿಗೆ ಅದು ಕಸ.

ಎಂಟು ವರ್ಷದ ಹಿಂದಿನ ಆಗಸ್ಟಿನಲ್ಲಿ ಕೌಂಟಿ ಸರ್ಕಾರದ ಕಚೇರಿಯಿಂದ ನಕ್ಷೆ ಬರೆಯುವ ಲಾಥ್ರಪ್ ಎಂಬ ದಪ್ಪ ಮನುಷ್ಯ ಬಂದ. ಓಹಾಯೊ ಕಡೆಯವನು, ಬಿಳಿಯ, ಬೆವರುವುದರಲ್ಲಿ ನಿಸ್ಸೀಮ. ನಿಯಮ ಸರಳ: ಹೆಸರಿರುವ ಸಮಾಧಿ ಬೇಲಿಯೊಳಗೆ, ಹೆಸರಿಲ್ಲದ ಜಾಗದ ಮೇಲೆ ಗಾಲ್ಫ್ ಗಾಡಿಗಳ ದಾರಿ. ಶುಕ್ರವಾರ ಪಟ್ಟಿ ಮುಗಿಯಬೇಕು. ಅವನು ಹೆಸರು ಕೇಳಿದ, ನಾನು ತೋರಿಸುತ್ತ ಹೋದೆ.

"ಇವನು ಮಂಗಳವಾರ. ಅವನ ಪಕ್ಕ ಸಪ್ಪೆ. ಅದು ಮೂರ್ಕಾಸು. ಆ ಶಂಖದ ಕೆಳಗೆ ಹಶ್."

"ಹಶ್ ಅಂದ್ರೆ ಸುಮ್ನಿರು ಅಂತ ಅಲ್ವಾ? ನನ್ನ ತಮಾಷೆ ಮಾಡ್ತಿದ್ದೀರಾ?" ಎಂದ ಲಾಥ್ರಪ್.

ನನ್ನ ಅಜ್ಜಿಯ ತಮ್ಮ ಸಪ್ಪೆ. ಅವನನ್ನು ತಮಾಷೆ ಎಂದರೆ ಸುಮ್ಮನಿರಲಾದೀತೆ? ಅಳತೆಯ ಗುರುತಿಗೆ ಲಾಥ್ರಪ್ ನೆಟ್ಟಿದ್ದ ಕಿತ್ತಳೆ ಬಣ್ಣದ ಬಾವುಟಗಳನ್ನೆಲ್ಲ ಕಿತ್ತು ತೊರೆಗೆ ಎಸೆದೆ. ಅವನು ಪುಸ್ತಕ ಮುಚ್ಚಿ ಹೊರಟ.

ಸುದ್ದಿ ಕೇಳಿ ಮಿಸ್ ಕೂಟಾ ಬಂದಳು. ಆಗ ಅವಳಿಗೆ ಎಂಬತ್ತನಾಲ್ಕು. ಬೆರಳುಗಳು ಏಡಿಯ ಕೊಂಡಿಯ ಹಾಗೆ ಸೊಟ್ಟಗಾಗಿ ಪೆನ್ಸಿಲ್ ಹಿಡಿಯಲಾಗುತ್ತಿರಲಿಲ್ಲ. "ಏನೋ ಕಣಜ, ಬಾವುಟಕ್ಕೆ ಈಜು ಕಲಿಸಿದ್ಯಂತೆ? ಇಪ್ಪತ್ತು ಜನದ ಎದೆ ಮೇಲೆ ಗಾಡಿ ಓಡೋ ಹಾಗೆ ಮಾಡಿದ್ಯಲ್ಲ, ಮುಂಡೇದೆ!" ಎಂದು ಎಲ್ಲರ ಮುಂದೆ ಉಗಿದು, ಶುಕ್ರವಾರ ಬೆಳಿಗ್ಗೆ ಅವಳೇ ಲಾಥ್ರಪ್‌ನನ್ನು ಕರೆತಂದಳು. ಅದೂ ಕಂಪನಿಯದೇ ಗಾಲ್ಫ್ ಗಾಡಿಯಲ್ಲಿ, ಚರ್ಚಿನ ಹಳದಿ ಟೋಪಿ ಹಾಕಿಕೊಂಡು, ಮಹಾರಾಣಿಯ ಹಾಗೆ.

ತೊಡಕು ಇನ್ನೊಂದಿತ್ತು. ಸ್ಮಶಾನದೊಳಗೆ ಸತ್ತವರ ಕಾಗದದ ಹೆಸರನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಯಾರೋ ಕರೆದರೆಂದು ಎದ್ದು ಹಿಂದೆಯೇ ಮನೆಗೆ ಬರುತ್ತಾರೆ. ಒಳಗೆ ಬುಟ್ಟಿ ಹೆಸರು ಮಾತ್ರ.

"ಮೊದಲನೆಯವನು ಮಂಗಳವಾರ. ಗುರುತು ಹಾಕ್ಕೊಂಡ್ಯಾ ಸ್ವಾಮಿ? ಈಗ ಗಾಡಿ ಹತ್ತು, ಗೇಟಿನಾಚೆ ಹೋಗಿ ಹೇಳ್ತೀನಿ."

ಆಚೆ ಹೋಗಿ ಅವನ ಕಿವಿಯಲ್ಲಿ ಹೇಳಿದಳು. ತಿರುಗಿ ಬಂದರು. "ಇವನು ಸಪ್ಪೆ. ನಡಿ ಆಚೆಗೆ."

ಮೂರನೆಯ ಸುತ್ತಿಗೆ ಲಾಥ್ರಪ್‌ನ ಅಂಗಿ ಹಿಂಡಿದರೆ ಬಕೆಟ್ ತುಂಬುತ್ತಿತ್ತು. "ಅಮ್ಮಾ, ಎಲ್ಲಕ್ಕೂ ನಂಬರ್ ಹಾಕ್ಕೊಳ್ತೀನಿ. ಆಚೆ ಹೋಗಿ ಇಪ್ಪತ್ತೂ ಒಟ್ಟಿಗೆ ಹೇಳಿಬಿಡಿ."

"ನನಗೆ ವಯಸ್ಸಾಯ್ತಪ್ಪ. ಮಂಗಳವಾರನ ಹೆಸರು ಮೂರ್ಕಾಸಿಗೆ ಹೋಯ್ತು ಅಂತಿಟ್ಕೋ. ಅವರಿಬ್ಬರಿಗೂ ಬದುಕಿದ್ದಾಗಲೇ ಆಗ್ತಿರ್ಲಿಲ್ಲ. ಸೀದಾ ನಿನ್ನ ಮನೆಗೆ ಬರ್ತಾರೆ. ಅಡ್ರೆಸ್ ಕೊಡ್ತೀಯಾ?"

ಅವನು ಅಡ್ರೆಸ್ ಕೊಡಲಿಲ್ಲ, ಗಾಡಿ ತಿರುಗಿಸಿದ. ಗೇಟಿನ ಕಾವಲುಗಾರ ಪ್ರತಿ ಸುತ್ತಿಗೂ ಚೀಟಿ ಬರೆದು ಬರೆದು, ಹತ್ತನೆಯದಕ್ಕೆ ಪುಸ್ತಕ ಮುಗಿದು ಸುಮ್ಮನೆ ಸಲಾಮು ಹೊಡೆದ. ಹದಿನಾರು ಮುಗಿದದ್ದೇ ಗಾಡಿಯ ಬ್ಯಾಟರಿ ಸತ್ತಿತು.

"ಕಣಜ, ಆ ದಿನ ಬಾವುಟ ಕಿತ್ತ ಕೈ ಎಲ್ಲೋ? ತಳ್ಳು!" ಎಂದಳು ಮೇಲಿಂದ. ಇಳಿಯಲಿಲ್ಲ ಮಾತ್ರ. ಮಹಾರಾಣಿಯನ್ನೂ ಸರ್ಕಾರವನ್ನೂ ಕೂರಿಸಿಕೊಂಡು ನಾಲ್ಕು ಸುತ್ತು ತಳ್ಳಿದೆ. ಸೊಂಟ ಈಗಲೂ ಮಳೆಗೆ ಮುಂಚೆ ಹೇಳುತ್ತದೆ.

ಕೊನೆಗೆ ಇಪ್ಪತ್ತನೆಯದು, ಶಂಖದ ಕೆಳಗಿನ ಹಶ್. ಅಲ್ಲಿ ಕೂಟಾ ಗಾಡಿಯಿಂದ ಇಳಿದಳು. ಶಂಖದ ಮೇಲಿನ ಎಲೆ ಒರೆಸುತ್ತ ಬಹಳ ಹೊತ್ತು ನಿಂತಳು. ಈ ಹಶ್ ಒಂದು ಚಳಿಗಾಲ ಯಾವುದೋ ದೋಣಿಯಲ್ಲಿ ಬಂದಿಳಿದ ಹೆಂಗಸು. ಹೆಸರು ಕೇಳಿದರೆ "ಹಶ್, ಕೆಲಸ ನೋಡು" ಎನ್ನುತ್ತಿದ್ದಳಂತೆ, ಅದೇ ಹೆಸರಾಯಿತು. ಒಂಬತ್ತು ವರ್ಷದ ಕೂಟಾಳಿಗೆ ಕೈ ಕುಯ್ದುಕೊಳ್ಳದಂತೆ ಸಿಂಪಿ ಬಿಡಿಸಲು ಕಲಿಸಿದವಳು ಅವಳೇ. ಮೂರನೆಯ ವರ್ಷ ಜ್ವರ ಬಂದು ಸತ್ತಳು. ಅವಳಿಗೆ ಮೊದಲಿನಿಂದಲೂ ಹಲಗೆಯೇ ಇರಲಿಲ್ಲ.

"ಹೆಸರು ಗೊತ್ತಿಲ್ಲದಿದ್ರೆ ಪರವಾಗಿಲ್ಲಮ್ಮ," ಎಂದ ಲಾಥ್ರಪ್, ಒಳ್ಳೆಯ ದನಿಯಲ್ಲೇ. "ಹತ್ತೊಂಬತ್ತು ಉಳೀತಲ್ಲ. ದಾರಿಗೆ ಇದೊಂದರ ಜಾಗ ಸಾಕು."

"ಗೊತ್ತಿಲ್ಲ ಅಂತ ನಾನಂದ್ನಾ? ಗಾಡಿ ತಳ್ಳೋ ಕಣಜ."

ಗೇಟಿನಾಚೆ ಅವಳು ಕಿವಿಯಲ್ಲಿ ಹೇಳಿದ್ದು ಹಿಂದೆ ನಿಂತಿದ್ದ ನನಗೂ ಕೇಳಿಸಿತು: ಹೆಪ್ಸಿಬಾ ಫ್ರಿಪ್. ಹಶ್‌ಗೆ ಎಂಥ ಉದ್ದದ ಹೆಸರಪ್ಪಾ ಎಂದುಕೊಂಡೆ. ನಮ್ಮಲ್ಲಿ ಫ್ರಿಪ್ ಎಂಬ ಮನೆತನ ಓಕ್ ಮರದ ಪಾಚಿಯ ಹಾಗೆ ಎಲ್ಲೆಲ್ಲೂ ಇದೆ. ಲಾಥ್ರಪ್ ಬರೆದುಕೊಂಡ. ಬೇಲಿ ತೊರೆಯವರೆಗೂ ಬಂತು.

ನಾಲ್ಕು ವರ್ಷದ ಮೇಲೆ, ಫೆಬ್ರವರಿಯಲ್ಲಿ, ಮಿಸ್ ಕೂಟಾ ತೀರಿಕೊಂಡಳು. ಹೂಳುವ ಅಪ್ಪಣೆ ತರಲು ಅವಳ ತಂಗಿಯ ಮಗಳು ಸಾವಿನ ಕಾಗದ ಕೊಟ್ಟು ನನ್ನನ್ನು ಕೌಂಟಿ ಕಚೇರಿಗೆ ಕಳಿಸಿದಳು. ಕಿಟಕಿಯಾಚೆಯ ಹೆಂಗಸು ಕಾಗದ ನೋಡಿದಳು, ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು.

"ಹೆಪ್ಸಿಬಾ ಫ್ರಿಪ್. ಇವರು ಆಗಲೇ ಅಲ್ಲಿದ್ದಾರಲ್ಲ. ಇಪ್ಪತ್ತನೇ ಸಮಾಧಿ."

"ಇಲ್ಲ ತಾಯಿ, ಇನ್ನೂ ಮನೇಲಿದ್ದಾಳೆ. ಹಳದಿ ಟೋಪಿ ಪಕ್ಕದಲ್ಲಿಟ್ಕೊಂಡು ಮಲಗಿದ್ದಾಳೆ."

"ಒಬ್ಬರನ್ನ ಎರಡು ಸಲ ಹೂಳಕ್ಕಾಗಲ್ಲ ಸರ್."

"ನಿಮ್ಮ ಕಂಪ್ಯೂಟರ್‌ನ ಕಳಿಸಿ, ಬಂದು ನೋಡ್ಲಿ!" ಎಂದು ಮೇಜು ಗುದ್ದಲು ಕೈ ಎತ್ತಿದೆ.

ಎತ್ತಿದ ಕೈ ಹಾಗೇ ನಿಂತಿತು. ನಾನು ಹುಟ್ಟಿದಂದಿನಿಂದ ಕಂಡ ಹೆಂಗಸಿನ ಕಾಗದದ ಹೆಸರು ನನಗೆ ಗೊತ್ತಾದದ್ದು ಆ ಕಿಟಕಿಯ ಮುಂದೆ. ಕೊನೆಯ ಸುತ್ತಿನಲ್ಲಿ ಆಕೆ ಹಶ್‌ಗೆ ಕೊಟ್ಟುಬಂದದ್ದು ತನ್ನದೇ ಹೆಸರು. ಈಗ ನಾನು ನಿಜ ಹೇಳಿದರೆ ಇಪ್ಪತ್ತನೆಯದು ಹೆಸರಿಲ್ಲದ್ದಾಗುತ್ತದೆ, ಬೇಲಿ ಹಿಂದೆ ಸರಿಯುತ್ತದೆ. ಬಾಯಿಗೆ ಬಂದ ಬೈಗುಳಗಳನ್ನೆಲ್ಲ ನುಂಗಿದೆ. ಬಹಳ ಇದ್ದವು.

"ಕಾಗದದಲ್ಲಿ ತಪ್ಪಾಗಿದೆ ತಾಯಿ. ಇವಳು ಕೂಟಾ. ಕೂಟಾ ಫ್ರಿಪ್."

"ಹಾಗಾದ್ರೆ ಆ ಇಪ್ಪತ್ತನೆಯವರು ಇವರಿಗೇನಾಗ್ಬೇಕು?"

"ಮೇಡಂ, ಅವಳು ಇವಳಿಗೆ ಚಾಕು ಹಿಡಿಯೋದು ಕಲಿಸಿದೋಳು."

ಆ ಹೆಂಗಸು ಹೆಸರು ಕೂಟಾ ಎಂದು ಪಾದ್ರಿಯಿಂದ ಒಂದು ಪತ್ರ ತರಿಸಿಕೊಂಡು ಮುದ್ರೆ ಒತ್ತಿದಳು.

ಕೂಟಾಳನ್ನು ಹಶ್‌ನ ಪಕ್ಕದಲ್ಲೇ ಇಟ್ಟೆವು. ಹಲಗೆ ಬರೆದವನು ನಾನು. ಅಕ್ಷರ ಕೋಳಿ ಕಾಲಿನ ಹಾಗಿದೆ, ಬಣ್ಣ ಸುರಿದಿದೆ, ಮತ್ತು ಬರೆದಿರುವುದು ಕೂಟಾ ಎಂದಷ್ಟೇ. ಅಷ್ಟು ಜನಕ್ಕೆ ಕಾಗದದ ಹೆಸರು ಬರೆದವಳು ತನ್ನದಿಲ್ಲದೆ ಮಲಗಿದ್ದಾಳೆ. ಹಶ್ ತಾನು ಪಡೆದದ್ದನ್ನು ಇವತ್ತಿಗೂ ಹಿಂದಿರುಗಿಸಿಲ್ಲ. ಕರೆದು ಕೇಳೋಣವೆಂದರೆ, ಅವಳನ್ನು ಎಬ್ಬಿಸುವ ಹೆಸರು ಯಾವುದೆಂದು ದ್ವೀಪದಲ್ಲಿ ಒಬ್ಬರಿಗೂ ಗೊತ್ತಿಲ್ಲ.