ಕೆಳಗಿನ ದಿಕ್ಕು ಪ್ಲಸ್

ನಮ್ಮ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ವೆಂಕಟರಾಯಪ್ಪನವರಿಗೆ ಒಂದೇ ಹುಚ್ಚು. ಯಾವ ಲೆಕ್ಕ ಕೊಟ್ಟರೂ ಮೊದಲು ಅಕ್ಷ ಎಳೆದು, ಯಾವ ದಿಕ್ಕು ಪ್ಲಸ್ ಎಂದು ಬಾಣ ಹಾಕಬೇಕು. "ದಿಕ್ಕು ನಿಮ್ಮಿಷ್ಟ ಕಣ್ರಪ್ಪಾ. ಮೇಲಕ್ಕಾದ್ರೂ ತಗೊಳ್ಳಿ, ಕೆಳಕ್ಕಾದ್ರೂ ತಗೊಳ್ಳಿ. ತಗೊಂಡ್ಮೇಲೆ ಮಧ್ಯದಲ್ಲಿ ಬದಲಾಯಿಸ್ಬೇಡಿ" ಎಂದು ತ್ಯಾಮಗೊಂಡ್ಲಿನ ಮಕ್ಕಳ ಮುಂದೆ ಇಪ್ಪತ್ತಾರು ವರ್ಷ ಬಡಿದುಕೊಂಡರು. ಪಕ್ಕದ ಕೋಣೆಯಲ್ಲಿ ಕೆಮಿಸ್ಟ್ರಿ ಹೇಳುವ ನನಗೂ ಅದು ಬಾಯಿಪಾಠ. ಮಕ್ಕಳು ಮಾತ್ರ ಸೂತ್ರಕ್ಕೆ ಅಂಕಿ ತುಂಬಿ ಕೈತೊಳೆದುಕೊಳ್ಳುತ್ತಿದ್ದರು. ಮೇಷ್ಟ್ರ ಮಾತು ಕಿವಿಗೆ ಹಾಕಿಕೊಂಡವಳು ಅಕ್ಷತ ಒಬ್ಬಳೇ.

ಫಸ್ಟ್ ಪಿಯು ಪರೀಕ್ಷೆಯಲ್ಲಿ ಐದು ಅಂಕದ ಲೆಕ್ಕ ಬಂತು: ಶಿವಗಂಗೆ ಬೆಟ್ಟದ ತುದಿಯಿಂದ ಮೇಲಕ್ಕೆಸೆದ ಕಲ್ಲು ಬುಡಕ್ಕೆ ಬೀಳುವುದು. ಅಕ್ಷತ ಕೆಳಗಿನ ದಿಕ್ಕನ್ನು ಪ್ಲಸ್ ಮಾಡಿಕೊಂಡು, ಬಾಣ ಹಾಕಿ, ಸರಿಯಾಗಿಯೇ ಬಿಡಿಸಿದ್ದಳು. ಉತ್ತರಪತ್ರಿಕೆಯಲ್ಲಿ ಹೆಸರಿರುವುದಿಲ್ಲ. ತಿದ್ದಿದವರು ವೆಂಕಟರಾಯಪ್ಪನವರೇ. ಮಾದರಿ ಉತ್ತರದಲ್ಲಿ ಮೇಲಿನ ದಿಕ್ಕು ಪ್ಲಸ್ ಇತ್ತು. ಅರವತ್ತನೇ ಪತ್ರಿಕೆಯ ಹೊತ್ತಿಗೆ ಕಣ್ಣು ಸೋತಿತ್ತೋ ಏನೋ, ಮಾದರಿಯಲ್ಲಿ ಮೈನಸ್ ಇದ್ದ ಕಡೆ ಇಲ್ಲಿ ಪ್ಲಸ್ ಕಂಡದ್ದೇ ಗೀಟು ಎಳೆದು ಸೊನ್ನೆ ಹಾಕಿದರು. ಹುಡುಗಿ ನಾಲ್ಕು ಅಂಕ ಕಮ್ಮಿಯಾಗಿ ಫೇಲಾದಳು.

ಮರುಪರೀಕ್ಷೆ ಕಟ್ಟಲಿಲ್ಲ. ಓದು ತನ್ನ ತಲೆಗೆ ಹತ್ತುವುದಿಲ್ಲವೆಂದು ಅವಳೇ ನಂಬಿಬಿಟ್ಟಳು. ಹದಿನೆಂಟು ತುಂಬಿದ್ದೇ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಸೇರಿದಳು.

ಹಳೇ ಪತ್ರಿಕೆಗಳನ್ನು ವಿಲೇವಾರಿಗೆ ಕಟ್ಟುತ್ತಿದ್ದಾಗ ಮೇಷ್ಟ್ರು ಆ ಬಾಣ ನೋಡಿದರು. ಅಕ್ಷರದ ಗುರುತೂ ಸಿಕ್ಕಿತು. "ಹಾಕಿದಾಳೆ ನೋಡ್ರೀ. ನಾನೇ ನೋಡ್ಲಿಲ್ವಲ್ರೀ" ಎಂದು ನೆಲದ ಮೇಲೇ ಕುಳಿತುಬಿಟ್ಟರು. ಫಲಿತಾಂಶ ತಿದ್ದುವ ಗಡುವು ಎಂದೋ ಮುಗಿದಿತ್ತು. ಸುಮ್ಮನಿರಿ ಸಾರ್ ಎಂದೆ. ಹಾಗೆಂದ ನನ್ನ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಮೇಷ್ಟ್ರು ಕೇಳಲಿಲ್ಲ. ಮರುದಿನ ಬೆಳಗ್ಗೆ ನನ್ನ ಬೈಕಿನಲ್ಲೇ ಅವಳ ಊರಿಗೆ ಹೋದೆವು. ಊಟದ ಡಬ್ಬಿ ಹಿಡಿದು ಕಾರ್ಖಾನೆ ಬಸ್ಸಿಗೆ ಕಾಯುತ್ತಿದ್ದಳು. ಮೇಷ್ಟ್ರು ಪತ್ರಿಕೆ ಬಿಚ್ಚಿ ತೋರಿಸಿ, "ತಪ್ಪು ನಂದಮ್ಮ" ಎಂದರು.

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಲೆಕ್ಕದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು.

"ಹಂಗಾದ್ರೆ ನಂದು ಸರಿ ಇತ್ತಾ ಸಾರ್?"

"ಸರಿ ಇತ್ತಮ್ಮ."

ಅವಳ ಮುಖ ಅರಳಿತು. ಅದನ್ನು ನೋಡಲಾರದೆ ಮೇಷ್ಟ್ರು ತಲೆ ತಗ್ಗಿಸಿದರು. ಅಷ್ಟರಲ್ಲಿ ಬಸ್ಸು ಬಂತು. ಪತ್ರಿಕೆಯನ್ನು ಅವರ ಕೈಗೇ ಕೊಟ್ಟು, "ಲೇಟಾದ್ರೆ ಒಳಗೆ ಬಿಡಲ್ಲ ಸಾರ್" ಎಂದು ಓಡಿ ಹತ್ತಿಕೊಂಡಳು.