ಹುಳಿ ಬೀಳದ ಕರಕಲಿ

ಮಳೆ ಹಿಡಿದರೆ ಸಾಕು, ಭಾವಿಕೇರಿಯ ನಮ್ಮ ಗದ್ದೆಯ ಕಾಲುವೆಯುದ್ದಕ್ಕೂ ಕಾಡುಕೆಸು ಎದ್ದು ನಿಲ್ಲುತ್ತದೆ. ಯಾರೂ ನೆಟ್ಟಿದ್ದಲ್ಲ, ಗೊಬ್ಬರ ಕೇಳಿದ್ದಿಲ್ಲ, ಸತ್ವದಲ್ಲಿ ಪೇಟೆಯ ಪಾಲಕ್ ಸೊಪ್ಪಿಗೆ ಸೋಲುವಂಥದ್ದೂ ಅಲ್ಲ. ಆದರೂ ಊರವರು ಅಂಕೋಲೆಗೆ ಹೋಗಿ ಬಾಡಿದ ಸೊಪ್ಪು ಕೊಂಡು ತರುತ್ತಾರೆ. ಕೆಸು ಗಂಟಲು ಹಿಡಿದೀತೆಂಬ ಹೆದರಿಕೆ.

ಕೋಡಿಬಾಗದಿಂದ ನಾನು ಸೊಸೆಯಾಗಿ ಬಂದಾಗ ಅತ್ತೆ ಮೊದಲು ಕಲಿಸಿದ್ದೇ ಇದನ್ನು. ಚರಂಡಿ ನೀರು ಸೇರುವಲ್ಲಿ ಕೊಯ್ಯಬಾರದು. ಕಪ್ಪು ದಂಟಿನದ್ದೇ ಆಗಬೇಕು. ಚೆನ್ನಾಗಿ ಬೇಯಬೇಕು, ಗಂಟಲು ಹಿಡಿಯದಂತೆ ವಾಟೆಹುಳಿ ಧಾರಾಳವಾಗಿ ಬೀಳಬೇಕು. ಮತ್ತೆ, ಕೊಯ್ದಲ್ಲಿಂದ ಉಂಡು ಕೈ ತೊಳೆಯುವವರೆಗೆ ಯಾರೂ ‘ತುರಿಕೆ’ ಎನ್ನಬಾರದು, ಸೊಪ್ಪು ಕೇಳಿಸಿಕೊಳ್ಳುತ್ತದಂತೆ! ನಾನೋ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಎಲೆಯೊಳಗಿನ ಸೂಜಿಯಂಥ ಹರಳುಗಳಿಗೆ ಕಿವಿಯಿಲ್ಲ ಎಂದು ವಾದಿಸಿದೆ. ಅತ್ತೆ ಸೌಟು ತೋರಿಸಿದರು.

ಕಳೆದ ಮಳೆಗಾಲ ಅತ್ತೆಗೊಂದು ಜ್ವರ ಬಂತು. ಬಿಟ್ಟು ಹೋಗುವಾಗ ನಾಲಿಗೆಯ ರುಚಿಯನ್ನೂ ಒಯ್ದಿತು. ತಾನಾಗಿಯೇ ಬರುತ್ತದೆ, ಕಾಯಬೇಕು ಅಂದರು ಡಾಕ್ಟರು. ಅತ್ತೆ ಅಡುಗೆಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. “ಉಪ್ಪು ಯಾವ್ದು, ಬೆಲ್ಲ ಯಾವ್ದು ತಿಳಿಯೂದಿಲ್ಲ ಮಾರಾಯ್ತಿ. ಇನ್ನು ನಾ ಎಂತ ಅಡಿಗೆ ಮಾಡೂದು?” ಅನ್ನುತ್ತಿದ್ದರು. ಗಂಜಿಯೂ ಅರ್ಧಕ್ಕೇ ನಿಲ್ಲುತ್ತಿತ್ತು. ದಿನೇದಿನೇ ಸೊರಗುತ್ತಿದ್ದ ಅವರನ್ನು ನೋಡಿ ನನಗೆ ಭಯವಾಗುತ್ತಿತ್ತು.

ಒಂದು ಭಾನುವಾರ ನಾನು ತವರಿಗೆ ಹೋಗಿ ಮಧ್ಯಾಹ್ನಕ್ಕೆ ಮರಳಿದರೆ, ಅತ್ತೆ ತಾವೇ ಕೆಸು ಕೊಯ್ದು ತಂದು, ಹಸಿಮೆಣಸು ಬೆಳ್ಳುಳ್ಳಿ ಹಾಕಿ ಗಟ್ಟಿಯಾಗಿ ಬತ್ತಿಸಿ ಕರಕಲಿ ಮಾಡಿಟ್ಟಿದ್ದಾರೆ! ಖುಷಿಯಿಂದ ಮಾವ, ಗಂಡ, ನಾನು ಊಟಕ್ಕೆ ಕೂತೆವು. ಮೊದಲ ತುತ್ತಿಗೇ ಗಂಟಲಲ್ಲಿ ಮುಳ್ಳು ಎದ್ದಿತು. ಅಂದಾಜಿನಲ್ಲೇ ಅಡುಗೆ ಮಾಡಿದವರು ಹುಳಿಯನ್ನೇ ಮರೆತಿದ್ದರು.

ಎದುರಿಗೆ ಅತ್ತೆ ನಮ್ಮ ಮುಖಗಳನ್ನೇ ನೋಡುತ್ತ ನಿಂತಿದ್ದಾರೆ. ಹೇಳುವುದಾದರೂ ಹೇಗೆ? ಇನ್ನೊಮ್ಮೆ ಒಲೆ ಮುಟ್ಟುತ್ತಾರೆಯೇ? ಮಾವ “ಲಾಯ್ಕಾಗ್ಯದೆ” ಅಂದು ಕೆಮ್ಮಿದರು. ಗಂಡ ಮಜ್ಜಿಗೆಯ ಪಾತ್ರೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಎರಡನೇ ಸಲವೂ ಬಡಿಸಿಕೊಂಡೆ.

ಸಮಾಧಾನವಾಗಿ ಅತ್ತೆಯೂ ಕೂತರು. ತುತ್ತು ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿದರು.

“ಇದ್ಕೆ ಹುಳಿಯೇ ಬಿದ್ದಿಲ್ಲ! ಎಲ್ರೂ ಸುಮ್ಮಂಗೆ ನುಂಗ್ತಾ ಕೂತೀರಲ್ಲ, ಎಂತಾ ಜನ ನೀವು!”

ರುಚಿ ಮರಳಿತೇನೋ ಎಂಬ ಆಸೆ ಹುಟ್ಟಿತು, ಮರುಕ್ಷಣ ಇಳಿಯಿತು. ಗಂಟಲು ಹಿಡಿದದ್ದರಿಂದ ಊಹಿಸಿರಬೇಕು ಪಾಪ, ಅದಕ್ಕೆ ರುಚಿ ಯಾಕೆ ಬೇಕು?

ಅತ್ತೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಇನ್ನೊಮ್ಮೆ ಚಪ್ಪರಿಸಿದರು. ಹುಬ್ಬು ಗಂಟಿಕ್ಕಿತು.

“ಉಪ್ಪೂ ಒಂದು ಹರಳು ಜಾಸ್ತಿ ಆಗ್ಯದೆ” ಅಂದರು.

ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು.